"ನಾನಾಗಿಯೇ ಬಂದೆ" ಅಂದರೆ ಬಲವಂತ ಇಲ್ಲ ಎಂದು ಬರೆದುಕೊಳ್ಳಬಹುದೇ?

ಪ್ರಶ್ನೆ

ಲೈಂಗಿಕ ವೃತ್ತಿಯಲ್ಲಿರುವವರ ನಡುವೆ ಕೆಲಸ ಮಾಡುವ ಹೊಸ ಕಾರ್ಯಕರ್ತರಿಗೆ ತರಬೇತಿ ಟಿಪ್ಪಣಿ ತಯಾರಿಸುತ್ತಿದ್ದೇವೆ. ಎರಡು ಕಡೆ ಗೊಂದಲವಿದೆ. ವಯಸ್ಕ ಮಹಿಳೆಯೊಬ್ಬಳು "ನಾನಾಗಿಯೇ ಬಂದೆ, ಯಾರೂ ಕರೆತಂದಿಲ್ಲ" ಎಂದರೆ ಅಲ್ಲಿಗೆ ವಿಚಾರಣೆ ಮುಗಿಯಿತೇ? ಇನ್ನೊಂದು, "ಬಡತನವೇ ಬಲವಂತ, ಹಾಗಾಗಿ ಇಲ್ಲಿ ಯಾರ ಒಪ್ಪಿಗೆಗೂ ಅರ್ಥವಿಲ್ಲ" ಎನ್ನುವವರಿಗೆ ಏನು ಹೇಳುವುದು? ತತ್ವ ಬೇಡ, ಏನನ್ನು ನೋಡಬೇಕು, ಏನು ಕೇಳಬೇಕು ಎನ್ನುವುದು ಬೇಕು.

ಉತ್ತರ 1

ಮೊದಲು ಕಾನೂನಿನ ಅಳತೆಗೋಲು. ವಿಶ್ವಸಂಸ್ಥೆಯ 2000ದ ಪಲೆರ್ಮೊ ಪ್ರೋಟೋಕಾಲ್ (ಅಂತರರಾಷ್ಟ್ರೀಯ ಒಪ್ಪಂದ) ಮಾನವ ಕಳ್ಳಸಾಗಣೆಯನ್ನು ಮೂರು ಭಾಗ ಮಾಡಿ ನೋಡುತ್ತದೆ: ಕೃತ್ಯ (ಕರೆತರುವುದು, ಸಾಗಿಸುವುದು, ಇರಿಸಿಕೊಳ್ಳುವುದು), ವಿಧಾನ (ಬೆದರಿಕೆ, ವಂಚನೆ, ಅಸಹಾಯಕ ಸ್ಥಿತಿಯ ದುರುಪಯೋಗ ಇತ್ಯಾದಿ), ಉದ್ದೇಶ (ಶೋಷಣೆ). ಈ ವಿಧಾನಗಳಲ್ಲಿ ಒಂದು ಬಳಕೆಯಾಗಿದ್ದರೂ ಆಕೆ ಒಪ್ಪಿದ್ದಳು ಎಂಬ ಸಮಜಾಯಿಷಿ ನಡೆಯುವುದಿಲ್ಲ. 18 ತುಂಬದವರ ವಿಷಯದಲ್ಲಿ ವಿಧಾನವನ್ನು ತೋರಿಸಬೇಕಾದ್ದೇ ಇಲ್ಲ.

ಅಂದರೆ "ನಾನಾಗಿಯೇ ಬಂದೆ" ಎನ್ನುವುದು ಬಂದ ದಿನದ ಮಾತು. ಇವತ್ತು ಹೊರಡಬೇಕೆಂದರೆ ಹೊರಡಬಲ್ಲಳೇ ಎನ್ನುವುದು ಬೇರೆ ಪ್ರಶ್ನೆ, ಟಿಪ್ಪಣಿಯಲ್ಲಿ ಅದಕ್ಕೆ ಬೇರೆಯೇ ಸಾಲು ಇರಲಿ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಬಲವಂತದ ದುಡಿಮೆಗೆ 11 ಸೂಚಕಗಳನ್ನು ಕೊಟ್ಟಿದೆ. ಈ ಕ್ಷೇತ್ರದಲ್ಲಿ ಮೊದಲು ನೋಡಬೇಕಾದವು: ಗುರುತಿನ ಚೀಟಿ ಯಾರ ಬಳಿ ಇದೆ, ಒಬ್ಬಳೇ ಹೊರಗೆ ಹೋಗಿಬರಬಹುದೇ, ದುಡ್ಡು ಅವಳ ಕೈಗೇ ಬರುತ್ತದೆಯೇ, ಸಾಲವಿದೆಯೇ.

ಉತ್ತರ 2

ಇವುಗಳಲ್ಲಿ ಸಾಲವೇ ಎಲ್ಲಕ್ಕಿಂತ ಗಟ್ಟಿ ಬೀಗ. ಹೊಡೆತ ಬಡಿತ ಏನೂ ಬೇಕಾಗುವುದಿಲ್ಲ, ಲೆಕ್ಕದ ಪುಸ್ತಕ ಸಾಕು. ಮುಂಗಡ 100 ಎಂದಿಟ್ಟುಕೊಳ್ಳಿ, ಬಡ್ಡಿ ತಿಂಗಳಿಗೆ ಶೇ 10. ದುಡಿಮೆಯಲ್ಲಿ ಅವಳ ಪಾಲು 30. ಅದರಲ್ಲಿ ಊಟ, ಕೋಣೆ ಬಾಡಿಗೆ, ಬಟ್ಟೆ, ಔಷಧಿ ಎಂದು 24 ಮುರಿದುಕೊಂಡರೆ ಉಳಿಯುವುದು 6. ಬಡ್ಡಿಯೇ 10. ತಿಂಗಳ ಕೊನೆಗೆ ಸಾಲ 104! ಕಾಯಿಲೆ ಬಿದ್ದು ಎರಡು ವಾರ ಮಲಗಿದರೆ ಪಾಲು 15ಕ್ಕೆ ಇಳಿಯುತ್ತದೆ, ಮುರಿದುಕೊಳ್ಳುವ 24 ಮಾತ್ರ ಇಳಿಯುವುದಿಲ್ಲ.

ಆದ್ದರಿಂದ "ಸಾಲ ಇದೆಯಾ?" ಎಂದಷ್ಟೇ ಕೇಳಿ ಬಿಡಬೇಡಿ. ಸಾಲ ಯಾರಿಗೆ ಇಲ್ಲ? ಶುರುವಿನಲ್ಲಿ ಎಷ್ಟಿತ್ತು, ಈಗ ಎಷ್ಟಿದೆ, ಲೆಕ್ಕ ಬರೆಯುವವರು ಯಾರು, ನೀವು ಅದನ್ನು ನೋಡಿದ್ದೀರಾ, ತೀರುವ ಮುಂಚೆ ಬಿಟ್ಟು ಹೋದರೆ ಏನಾಗುತ್ತದೆ ಎಂದು ಕೇಳಿ. ದುಡಿದಷ್ಟೂ ಬೆಳೆಯುವ ಸಾಲವಾದರೆ ಅದು ಜೀತ, ಆಕೆ ನಗುನಗುತ್ತಾ ಮಾತಾಡಿದರೂ ಅಷ್ಟೇ.

ಉತ್ತರ 3

ಪ್ರಶ್ನೆ ಸರಿಯಾಗಿದ್ದು ಕೇಳುವ ಜಾಗ ತಪ್ಪಾದರೂ ಉತ್ತರ ಕೆಡುತ್ತದೆ. ಯಜಮಾನಿ, ದಲ್ಲಾಳಿ, ಪೊಲೀಸರು ಯಾರೂ ಮಾತು ಕೇಳಿಸುವಷ್ಟು ಹತ್ತಿರ ಇರಬಾರದು. ಆಕೆಯ ಭಾಷೆ ಬಾರದಿದ್ದರೆ ಅನುವಾದಕರನ್ನು ನೀವೇ ಕರೆದೊಯ್ಯಿರಿ, "ನಾನೇ ಹೇಳ್ತೀನಿ ಬಿಡಿ" ಎಂದು ಮುಂದೆ ಬರುವ ಗೆಳತಿಯೇ ಕಾವಲಿನವಳಾಗಿರಬಹುದು. ಫೋಟೊ ಬೇಡ, ರೆಕಾರ್ಡಿಂಗ್ ಬೇಡ. ಈಡೇರಿಸಲಾಗದ ಭರವಸೆಯಂತೂ ಬೇಡವೇ ಬೇಡ.

ಮೊದಲ ಭೇಟಿಯ ಹೇಳಿಕೆಯನ್ನು ಅಂತಿಮ ಎಂದು ಬರೆಯಬೇಡಿ. ಹೇಳಿಕೊಟ್ಟದ್ದನ್ನು ಒಪ್ಪಿಸುವವರು ಸಾಮಾನ್ಯವಾಗಿ ಊರು, ವಯಸ್ಸು, ಬಂದ ಕಾರಣ ಮೂರನ್ನೂ ತಡವರಿಸದೆ ಹೇಳಿ, ದಿನಚರಿ ಕೇಳಿದಾಗ ತಡವರಿಸುತ್ತಾರೆ. ಅದರಿಂದಲೇ ತೀರ್ಪಿಗೂ ಬರಬೇಡಿ, ಭಯಪಟ್ಟವರೂ ತಡವರಿಸುತ್ತಾರೆ.

ಉತ್ತರ 4

ಎರಡನೆಯ ಪ್ರಶ್ನೆಗೆ. ಬಡತನ ಆಯ್ಕೆಗಳನ್ನು ಕುಗ್ಗಿಸುತ್ತದೆ, ನಿಜ. ಆದರೆ ಕುಗ್ಗಿದ ಆಯ್ಕೆ ಬೇರೆ, ಯಾರೋ ಕತ್ತು ಹಿಡಿದು ಮಾಡಿಸುವುದು ಬೇರೆ. ಎರಡನ್ನೂ ಒಂದೇ ಎಂದರೆ ಕೈಯಾರೆ ಬಲವಂತ ಮಾಡಿದವನು ಪರಿಸ್ಥಿತಿಯ ನೆರಳಿನಲ್ಲಿ ತಪ್ಪಿಸಿಕೊಳ್ಳುತ್ತಾನೆ. ಜೊತೆಗೆ, ಯಾರ ಒಪ್ಪಿಗೆಗೂ ಅರ್ಥವಿಲ್ಲ ಎಂದ ಮೇಲೆ ಅವರ ನಿರಾಕರಣೆಗೂ ಬೆಲೆ ಉಳಿಯುವುದಿಲ್ಲ. "ಅವಳನ್ನು ಅತ್ಯಾಚಾರ ಮಾಡಲು ಸಾಧ್ಯವೇ?" ಎಂದು ಠಾಣೆಯಲ್ಲಿ ಕೇಳುವವರು ಇದೇ ದಾರಿಯಲ್ಲಿ ಬಂದವರು.

ನ್ಯೂಜಿಲೆಂಡ್‌ನ 2003ರ ಲೈಂಗಿಕ ವೃತ್ತಿ ಸುಧಾರಣಾ ಕಾಯ್ದೆಯ 17ನೇ ಸೆಕ್ಷನ್ ಗಮನಿಸಿ: ಮಾತುಕತೆ ಆಗಿದ್ದರೂ ಯಾವ ಹಂತದಲ್ಲಾದರೂ ನಿರಾಕರಿಸಬಹುದು, ಒಪ್ಪಂದವಾಗಿದೆ ಎಂಬುದೇ ಒಪ್ಪಿಗೆಯಾಗುವುದಿಲ್ಲ. ಕಾಂಡೋಮ್ ಇಲ್ಲದೆ ಆಗದು ಎಂಬ ಷರತ್ತನ್ನು ಗಿರಾಕಿ ಗುಟ್ಟಾಗಿ ಮುರಿದರೆ ಕೊಟ್ಟ ಒಪ್ಪಿಗೆ ಅಲ್ಲಿಗೆ ಮುಗಿಯಿತು. ಇದೇ ಕಾಯ್ದೆಯಲ್ಲಿ ಒಂದು ಬಿರುಕೂ ಇದೆ. ತಾತ್ಕಾಲಿಕ ವೀಸಾದಲ್ಲಿರುವವರಿಗೆ ಈ ವೃತ್ತಿ ನಿಷಿದ್ಧ. "ದೂರು ಕೊಟ್ಟರೆ ಗಡೀಪಾರು ಮಾಡಿಸುತ್ತೇನೆ" ಎನ್ನುವವನಿಗೆ ಅದೇ ಆಯುಧ.

ಪ್ರಶ್ನೆ ಕೇಳಿದವರು

ದಾಳಿ ಮಾಡಿ ಕರೆತಂದ ಮೇಲೆ ಆಕೆ ಪುನರ್ವಸತಿ ಕೇಂದ್ರ ಬೇಡ ಎಂದರೆ?

ಉತ್ತರ 3

ವಯಸ್ಕಳಾಗಿದ್ದರೆ ಬೀಗ ಹಾಕಿ ಇರಿಸಿಕೊಳ್ಳುವುದು ಕೂಡ ಬಲವಂತವೇ, ಬೋರ್ಡಿನಲ್ಲಿ ರಕ್ಷಣೆ ಎಂದು ಬರೆದಿದ್ದರೂ. ಕೆಲವೊಮ್ಮೆ "ಬೇಡ" ಎನ್ನುವುದು ಹೊರಗೆ ಕಾಯುತ್ತಿರುವವನ ಭಯದಿಂದ. ಹಾಗಾಗಿ ಆ ಹೇಳಿಕೆಗೆ ಸಹಿ ಹಾಕಿಸುವ ಮುಂಚೆ ವಕೀಲರೊಬ್ಬರು ಆಕೆಯ ಜೊತೆ ಏಕಾಂತದಲ್ಲಿ ಮಾತಾಡಲಿ, ಆಮೇಲೂ ಬೇಡ ಎಂದರೆ ಗುರುತಿನ ಚೀಟಿ, ಫೋನು, ಹಣ ವಾಪಸ್ ಕೊಟ್ಟು ಕಳಿಸಿ. ದಾಳಿಯಲ್ಲಿ ಸಿಕ್ಕ ಕಾಂಡೋಮ್‌ಗಳನ್ನು ಸಾಕ್ಷ್ಯವೆಂದು ಜಪ್ತಿ ಮಾಡದಂತೆ ನೋಡಿಕೊಳ್ಳಿ. ಒಂದು ಕಡೆ ಹಾಗಾದರೆ ಸುತ್ತಲಿನವರೆಲ್ಲ ಅದನ್ನು ಇಟ್ಟುಕೊಳ್ಳುವುದಕ್ಕೇ ಹೆದರುತ್ತಾರೆ.