ಅಪ್ಪ ಡಾಕ್ಟರ್, ಅವರಿಗೇ ಪ್ರಾಸ್ಟೇಟ್ ಕ್ಯಾನ್ಸರ್. ದವಾಖಾನೆ ನಡೆಸಲು ಬಿಡಬೇಕಾ? ಅನುಭವ ಇದ್ದವರು ಹೇಳಿ

ಕೇಳಿದವರು: ಹಾವೇರಿ ಕಡೆಯ ಮಗಳು

ನಮ್ಮ ಅಪ್ಪ ಹಾವೇರಿ ಹತ್ತಿರದ ಊರಲ್ಲಿ ಡಾಕ್ಟರ್. ವಯಸ್ಸು ಅರವತ್ತು ದಾಟಿದೆ. ಪ್ರಾಸ್ಟೇಟ್‌ಗೆ ಮಾಡುವ ರಕ್ತಪರೀಕ್ಷೆ ಪಿಎಸ್‌ಎ ಜಾಸ್ತಿ ಬಂತು, ಬಯಾಪ್ಸಿ ಆಯಿತು. ಪ್ರಾಸ್ಟೇಟ್ ಕ್ಯಾನ್ಸರ್, ಗ್ಲೀಸನ್ 8, ಅಂದರೆ ಜೋರಾಗಿ ಬೆಳೆಯುವ ನಮೂನೆಯದು. ಮೂಳೆಗೆ ಹರಡಿಲ್ಲ ಅಂದಿದ್ದಾರೆ. ಹಾರ್ಮೋನ್ ಇಂಜೆಕ್ಷನ್ ಶುರುವಾಗಿದೆ. ಮುಂದೆ ಹುಬ್ಬಳ್ಳಿಯಲ್ಲಿ ರೇಡಿಯೇಷನ್. ಅಪ್ಪ ಒಂದು ದಿನವೂ ದವಾಖಾನೆ ಮುಚ್ಚುವುದಿಲ್ಲ ಅಂತ ಹಟ ಹಿಡಿದಿದ್ದಾರೆ. ಅವ್ವ "ಬಂದ್ ಮಾಡಿಸು" ಅಂತ ದಿನಾ ನನಗೆ ಫೋನ್ ಮಾಡುತ್ತಾಳೆ. ಪೇಷಂಟ್‌ಗಳಿಗೆ ಹೇಳಬೇಕೋ ಬೇಡವೋ, ಅದೂ ಗೊತ್ತಾಗುತ್ತಿಲ್ಲ. ಇಂಥದ್ದನ್ನು ಕಂಡವರು ದಯವಿಟ್ಟು ಬರೆಯಿರಿ.

ಗದಗದ ಡಾಕ್ಟರ್

ತಂಗಿ, ನಾನೂ ನಿಮ್ಮ ತಂದೆಯವರ ಹಾಗೇ. ಗದಗದಲ್ಲಿ ಜನರಲ್ ಪ್ರಾಕ್ಟೀಸ್. ಈ ಕಾಯಿಲೆ ಇಟ್ಟುಕೊಂಡೇ ಕೆಲವು ವರ್ಷಗಳಿಂದ ಓಪಿಡಿ ನಡೆಸುತ್ತಿದ್ದೇನೆ.

ದವಾಖಾನೆ ಬಂದ್ ಮಾಡಿಸಬೇಡಿ. ಅವರು ತಮಗೆ ತಾವೇ ಡಾಕ್ಟರ್ ಆಗುವುದನ್ನು ಬಂದ್ ಮಾಡಿಸಿ. ಪೇಷಂಟ್ ನೋಡುವುದರಿಂದ ಅಷ್ಟು ದಣಿವಾಗುವುದಿಲ್ಲ. ರಾತ್ರಿ ಹನ್ನೆರಡಕ್ಕೆ ಎದ್ದು ತನ್ನದೇ ರಿಪೋರ್ಟ್ ತೆಗೆದು ಓದುವುದಿದೆಯಲ್ಲ, ಅದು ಮನುಷ್ಯನನ್ನು ತಿಂದುಹಾಕುತ್ತದೆ. ನಾನು ಬಯಾಪ್ಸಿ ರಿಪೋರ್ಟ್ ಬಂದ ದಿನವೇ ಫೈಲನ್ನು ನನ್ನ ಜೂನಿಯರ್ ಒಬ್ಬನಿಗೆ ಕೊಟ್ಟೆ. ಪಿಎಸ್‌ಎ ಯಾವಾಗ ಮಾಡಿಸಬೇಕು ಅಂತ ಅವನು ಹೇಳುತ್ತಾನೆ. ರಿಪೋರ್ಟ್ ಹೋಗುವುದೂ ಅವನ ಫೋನಿಗೇ. ನಮ್ಮ ಲ್ಯಾಬಿನ ಹುಡುಗನಿಗೆ ಹೇಳಿಟ್ಟಿದ್ದೇನೆ, ನಾನೇ ಚೀಟಿ ಬರೆದುಕೊಂಡು ಬಂದರೆ ರಕ್ತ ತೆಗೆಯಬೇಡ ಅಂತ. ಅವನಿಗೆ ಇದು ಭಾಳ ಖುಷಿ. ಡಾಕ್ಟರಿಗೆ "ಆಗಲ್ಲ" ಅನ್ನುವ ಅವಕಾಶ ಯಾವ ಲ್ಯಾಬಿನವನಿಗೆ ಸಿಗುತ್ತದೆ?

ಇನ್ನು ದಿನದ ಬದುಕು. ಹಾರ್ಮೋನ್ ಇಂಜೆಕ್ಷನ್ ಅನ್ನುತ್ತಾರೆ, ಆದರೆ ಅದು ಹಾರ್ಮೋನ್ ಕೊಡುವುದಲ್ಲ, ನಿಲ್ಲಿಸುವುದು. ಗಂಡಸರ ಹಾರ್ಮೋನ್ ಟೆಸ್ಟೋಸ್ಟೆರಾನ್ ತಡೆದರೆ ಈ ಕ್ಯಾನ್ಸರ್ ಕುಗ್ಗುತ್ತದೆ ಅಂತ 1941ರಲ್ಲಿ ಚಾರ್ಲ್ಸ್ ಹಗ್ಗಿನ್ಸ್ ಅನ್ನುವ ಸರ್ಜನ್ ತೋರಿಸಿಕೊಟ್ಟರು. 1966ರಲ್ಲಿ ಅವರಿಗೆ ನೊಬೆಲ್ ಬಂತು. ನಾವದನ್ನು ಪರೀಕ್ಷೆಗೆ ಓದಿದವರು. ಪುಸ್ತಕದಲ್ಲಿ ಅಡ್ಡಪರಿಣಾಮ ಅಂತ ಹಾಟ್ ಫ್ಲಶ್ ಎರಡೇ ಪದದಲ್ಲಿ ಮುಗಿದಿರುತ್ತದೆ. ಏಪ್ರಿಲ್ ತಿಂಗಳು, ಗದಗದ ಬಿಸಿಲು, ಕರೆಂಟ್ ಹೋಗಿದೆ, ಎದುರಿಗೆ ಕೆಮ್ಮುವ ಅಜ್ಜ. ಎದೆಯಿಂದ ಮುಖಕ್ಕೆ ಕಾವು ಏರಿ ಅಂಗಿ ಒದ್ದೆ. ಅಜ್ಜನೇ ನನ್ನ ಮುಖ ನೋಡಿ, "ಯಾಕ್ರೀ ಡಾಕ್ಟ್ರ, ನಿಮಗ ಆರಾಮ ಇಲ್ಲೇನು?" ಅಂದ. ಈಗ ಇನ್ವರ್ಟರ್ ಹಾಕಿಸಿದ್ದೇನೆ, ಬಿಳಿ ಕೋಟು ಬಿಟ್ಟಿದ್ದೇನೆ, ಕಾಟನ್ ಅಂಗಿ ಒಂದು ಡ್ರಾಯರಿನಲ್ಲಿ ಇರುತ್ತದೆ. ಬಿಸಿ ಚಹಾ, ಖಾರ ಎರಡೂ ಕಾವು ಎಬ್ಬಿಸುತ್ತವೆ ಅಂತ ನನಗೆ ಗೊತ್ತಾಗಿದೆ. ಚಹಾ ಕಡಿಮೆ ಮಾಡಿದೆ. ಖಾರ ಬಿಡಲು ಆಗಿಲ್ಲ. ಮುಟ್ಟು ನಿಲ್ಲುವ ವಯಸ್ಸಿನ ಹೆಣ್ಣುಮಕ್ಕಳು "ಮೈ ಕಾವು ಏರ್ತದ್ರೀ" ಅಂತ ಬಂದರೆ ಮೊದಲು ಫ್ಯಾನ್ ಅವರ ಕಡೆ ತಿರುಗಿಸುತ್ತೇನೆ. ಆಮೇಲೆ ಮಾತು.

ಹೊಟ್ಟೆ ಬರುತ್ತದೆ, ತೊಡೆ ತೋಳು ಸಣ್ಣಗಾಗುತ್ತವೆ, ಮೂಳೆಯೂ ಸೊರಗುತ್ತದೆ. ಶುಗರ್ ಏರಬಹುದು. ಮೂಳೆ ಎಷ್ಟು ಗಟ್ಟಿ ಅಂತ ನೋಡುವ ಡೆಕ್ಸಾ ಸ್ಕ್ಯಾನ್ ಶುರುವಿನಲ್ಲೇ ಮಾಡಿಸಲಿ. ವಾಕಿಂಗ್ ಒಳ್ಳೆಯದು, ಆದರೆ ಅಷ್ಟೇ ಸಾಲುವುದಿಲ್ಲ. ಸ್ನಾಯುವಿಗೆ ಭಾರದ ಕೆಲಸ ಬೇಕು. ನಮ್ಮ ಕಡೆ ಗರಡಿಯಲ್ಲಿ ಹೊಡೆಯುವ ಬೈಠಕ್ ಇದೆಯಲ್ಲ, ನಾನು ಕುರ್ಚಿ ಹಿಡಿದುಕೊಂಡು ಅದನ್ನೇ ಮಾಡುತ್ತೇನೆ, ಎರಡು ಪೇಷಂಟ್‌ಗಳ ನಡುವೆ, ಬಾಗಿಲು ಹಾಕಿಕೊಂಡು.

ದಣಿವು ಮಧ್ಯಾಹ್ನದ ಮೇಲೆ ಹೊಡೆಯುತ್ತದೆ. ಹೊಲಿಗೆ ಹಾಕುವುದು, ಕೀವು ತೆಗೆಯುವುದು ಎಲ್ಲ ಬೆಳಗ್ಗೆಯೇ ಮುಗಿಸುತ್ತೇನೆ. ಸಂಜೆ ಬರೆದ ಚೀಟಿಯಲ್ಲಿ ಡೋಸ್ ಅನುಮಾನ ಅನ್ನಿಸಿದರೆ ಫೋನ್ ಮಾಡಿ ಕೇಳು ಅಂತ ಪಕ್ಕದ ಔಷಧ ಅಂಗಡಿಯವನಿಗೆ ಹೇಳಿದ್ದೇನೆ. ಕೇಳುತ್ತಾನೆ. ನನಗೆ ಬೇಸರ ಇಲ್ಲ.

ಪೇಷಂಟ್‌ಗಳಿಗೆ ಹೇಳಬೇಕಾ? ನಮ್ಮ ಊರುಗಳಲ್ಲಿ ನೀವು ಹೇಳದಿದ್ದರೂ ಬಸ್ ಸ್ಟ್ಯಾಂಡ್ ಹೇಳುತ್ತದೆ. ನಾನು ಕೇಳಿದವರಿಗೆ ಹೇಳಿದೆ, ಬೋರ್ಡ್ ಹಾಕಲಿಲ್ಲ. ಕೆಲವರು ಬೇರೆ ಕಡೆ ಹೋದರು. ಹೋಗಲಿ ಬಿಡಿ. ಆದರೆ ಲುಂಗಿ ಬಿಗಿಹಿಡಿದು "ಉಚ್ಚಿ ಸರಿ ಹೋಗವಲ್ದು" ಅಂತ ಹೇಳಲು ನಾಚುತ್ತಿದ್ದ ಗಂಡಸರು ಈಗ ನೇರ ಬಂದು ಕೂರುತ್ತಾರೆ. ಅವರಿಗೆ ಒಂದು ಮಾತು ತಪ್ಪದೆ ಹೇಳುತ್ತೇನೆ: ಪಿಎಸ್‌ಎ 4 ದಾಟಿತು ಅಂದರೆ ಕ್ಯಾನ್ಸರ್ ಅಂತಲ್ಲ. ವಯಸ್ಸಿಗೆ ಪ್ರಾಸ್ಟೇಟ್ ಗ್ರಂಥಿ ದಪ್ಪ ಆದರೂ, ಸೋಂಕು ಇದ್ದರೂ ಏರುತ್ತದೆ. ಉಲ್ಟಾನೂ ಇದೆ. ಗ್ರಂಥಿ ದಪ್ಪ ಆದದ್ದಕ್ಕೆ ಕೊಡುವ ಫಿನಾಸ್ಟರೈಡ್, ಡ್ಯುಟಾಸ್ಟರೈಡ್ ಗುಳಿಗೆ ಆರು ತಿಂಗಳು ನುಂಗಿದವರಲ್ಲಿ ಪಿಎಸ್‌ಎ ಸುಮಾರು ಅರ್ಧಕ್ಕೆ ಇಳಿದಿರುತ್ತದೆ. ರಿಪೋರ್ಟಿನ ನಂಬರ್ ನೋಡಿ ನೆಮ್ಮದಿ ಪಡುವ ಹಾಗಿಲ್ಲ.

ಒಬ್ಬರು, ಹುಬ್ಬಳ್ಳಿ

ಅಷ್ಟು ವರ್ಷ ದುಡಿದಿದ್ದಾರೆ. ಬಂದ್ ಮಾಡಿಸಿ, ಮನೆಯಲ್ಲಿ ಕೂರಿಸಿ, ರೆಸ್ಟ್ ಕೊಡಿ. ಸುಮ್ನೆ ಯಾಕೆ ರಿಸ್ಕ್?

ಧಾರವಾಡದಿಂದ, ಡಾಕ್ಟರೊಬ್ಬರ ಹೆಂಡತಿ

ಮೇಲಿನವರು ಹೇಳಿದ ಹಾಗೆ ನಾನು ಮೊದಲು ಕೂರಿಸಿ ನೋಡಿದೆ ರೀ. ನಮ್ಮ ಮನೆಯವರು ಎರಡೇ ವಾರಕ್ಕೆ ಸೋಫಾದಲ್ಲಿ ಕೂತು ಫೋನಿನಲ್ಲಿ ಬದುಕುಳಿಯುವ ಲೆಕ್ಕ ಓದಲು ಶುರು ಮಾಡಿದರು. ವಾಪಸ್ ದವಾಖಾನೆಗೆ ಕಳಿಸಿದೆ. ಆದರೆ ರಾತ್ರಿ ಫೋನ್ ಮಾತ್ರ ನನ್ನ ಹತ್ತಿರ. ಎತ್ತುವುದು ನಾನೇ. "ಸಾಹೇಬ್ರು ಮಲಗ್ಯಾರ, ಸಿವಿಲ್ ದವಾಖಾನೆಗೆ ಹೋಗ್ರಿ" ಅನ್ನುವುದೂ ನಾನೇ. ಕೆಟ್ಟವಳು ಅನ್ನಿಸಿಕೊಂಡರೆ ನಾನು ಅನ್ನಿಸಿಕೊಳ್ಳುತ್ತೇನೆ.

ನಮ್ಮವರದು ಮೂಳೆಗೆ ಹರಡಿದ್ದು. ಇಂಜೆಕ್ಷನ್ ಜೊತೆ ಹಾರ್ಮೋನ್ ಇನ್ನಷ್ಟು ತಡೆಯುವ ಅಬಿರಾಟೆರೋನ್ ಗುಳಿಗೆ ಇದೆ. ಅದನ್ನು ಖಾಲಿ ಹೊಟ್ಟೆಯಲ್ಲೇ ನುಂಗಬೇಕು. ಉಂಡು ಎರಡು ತಾಸು ಆಗಿರಬೇಕು, ನುಂಗಿದ ಮೇಲೆ ಒಂದು ತಾಸು ಏನೂ ತಿನ್ನಬಾರದು. ಊಟದ ಜೊತೆ ನುಂಗಿದರೆ ರಕ್ತಕ್ಕೆ ಸೇರುವ ಔಷಧ ಎಷ್ಟೋ ಪಟ್ಟು ಏರುತ್ತದಂತೆ. ಬೆಳಗ್ಗೆ ಎದ್ದ ಕೂಡಲೇ ಗುಳಿಗೆ, ಆಮೇಲೆ ಪೂಜೆ, ಪೇಪರ್, ಆಮೇಲೆ ಚಹಾ. ಅದರ ಜೊತೆ ಕೊಡುವ ಸ್ಟೀರಾಯ್ಡ್ ಗುಳಿಗೆ ಪ್ರೆಡ್ನಿಸೋಲೋನ್ ಮಾತ್ರ ತಿಂಡಿ ಜೊತೆ. ಬಿಪಿ, ಪೊಟ್ಯಾಶಿಯಂ, ಲಿವರ್ ಟೆಸ್ಟ್ ಆಗಾಗ ಆಗುತ್ತಿರಬೇಕು. ಡಾಕ್ಟರ್ ಮನುಷ್ಯ, ತನ್ನ ಬಿಪಿ ತಾನು ನೋಡಿಕೊಳ್ಳುವುದಿಲ್ಲ! ನಾನು ಆ ಮೆಷಿನ್ ಕಲಿತಿದ್ದೇನೆ.

ಬೆನ್ನುನೋವನ್ನು ಹಗುರವಾಗಿ ತಗೋಬೇಡಿ. ನಮ್ಮವರು "ಕುರ್ಚಿ ಸರಿ ಇಲ್ಲ" ಅಂತ ಕುರ್ಚಿ ಬದಲಿಸಿದರು. ನೋವು ಹೋಗಲಿಲ್ಲ, ನಾನೇ ಕ್ಯಾನ್ಸರ್ ಡಾಕ್ಟರಿಗೆ ಫೋನ್ ಮಾಡಿದೆ. ಹೊಸ ಬೆನ್ನುನೋವಿನ ಜೊತೆ ಕಾಲು ಸೋತ ಹಾಗೆ, ಜೋಮು ಹಿಡಿದ ಹಾಗೆ ಆದರೆ, ಮೂತ್ರ ಕಟ್ಟಿದರೆ, ಅವತ್ತೇ ಆಸ್ಪತ್ರೆಗೆ ಬರಬೇಕು ಅಂದರು. ಬೆನ್ನುಹುರಿ ಒತ್ತಿರಬಹುದಂತೆ, ತಡವಾದರೆ ಕಾಲು ವಾಪಸ್ ಬರುವುದಿಲ್ಲವಂತೆ. ಪುಣ್ಯಕ್ಕೆ ನಮ್ಮದು ಹಾಗೇನೂ ಆಗಿರಲಿಲ್ಲ. ನಿಮ್ಮ ತಂದೆಯವರಿಗೆ ಹರಡಿಲ್ಲ, ಆದರೂ ನಿಮ್ಮ ಅವ್ವನಿಗೆ ಇದು ಗೊತ್ತಿರಲಿ. ನಿಮ್ಮ ಅಪ್ಪ ತಾವಾಗಿ ಹೇಳುವುದಿಲ್ಲ.

ಇನ್ನೊಂದು. ಸಣ್ಣ ಮಾತಿಗೆ ಕಣ್ಣಲ್ಲಿ ನೀರು ಬರುತ್ತದೆ, ಸಿಟ್ಟೂ ಬರುತ್ತದೆ. ಗಂಡ ಹೆಂಡತಿ ಅಂತ ಇರುವ ಆಸೆಯೂ ಹೋಗುತ್ತದೆ. ಅದು ಇಂಜೆಕ್ಷನ್ನಿನದು, ಮನುಷ್ಯನದಲ್ಲ. ಈ ಮಾತನ್ನು ಯಾರಾದರೂ ಮೊದಲೇ ನನಗೆ ಹೇಳಿದ್ದರೆ ಎಷ್ಟೋ ರಾತ್ರಿ ನೆಟ್ಟಗೆ ನಿದ್ದೆ ಮಾಡುತ್ತಿದ್ದೆ. ಮಗಳು ಅವ್ವನಿಗೆ ಹೇಳಲು ಸಂಕೋಚ ಆದರೆ ಇದನ್ನೇ ಓದಲು ಕೊಡಿ.

ರೇಡಿಯೇಷನ್ ಟೆಕ್ನಿಷಿಯನ್, ಹುಬ್ಬಳ್ಳಿ

ಡಾಕ್ಟರ್ ಪೇಷಂಟ್‌ಗಳೇ ನಮಗೆ ಕಷ್ಟ. ಟೇಬಲ್ ಮೇಲೆ ಮಲಗಿಯೂ ಕತ್ತೆತ್ತಿ ಸ್ಕ್ರೀನ್ ನೋಡುತ್ತಾರೆ. ತಮಾಷೆಗೆ ಹೇಳಿದೆ.

ರೇಡಿಯೇಷನ್ ಸಾಮಾನ್ಯವಾಗಿ ವಾರಕ್ಕೆ ಐದು ದಿನ. ಈಗ ಎಷ್ಟೋ ಕಡೆ 20 ಸಲಕ್ಕೆ, ಅಂದರೆ ನಾಲ್ಕು ವಾರಕ್ಕೆ ಮುಗಿಸುತ್ತಾರೆ. ಕೆಲವರಿಗೆ ಏಳೆಂಟು ವಾರ ಹಿಡಿಯುತ್ತದೆ. ಮಷಿನ್ ಕೆಳಗೆ ಇರುವುದು ಕೆಲವೇ ನಿಮಿಷ. ಪ್ರತಿ ಸಲ ಮೂತ್ರಕೋಶ ತುಂಬಿರಬೇಕು, ಸಂಡಾಸಕ್ಕೆ ಹೋಗಿ ಬಂದಿರಬೇಕು. ಮೂತ್ರಕೋಶ ತುಂಬಿದ್ದರೆ ಕರುಳು ಮೇಲಕ್ಕೆ ಸರಿದು ಕಿರಣದ ದಾರಿಯಿಂದ ತಪ್ಪಿಸಿಕೊಳ್ಳುತ್ತದೆ. ಗುದನಾಳದಲ್ಲಿ ಗ್ಯಾಸ್ ತುಂಬಿದ್ದರೆ ಪ್ರಾಸ್ಟೇಟ್ ಜಾಗ ಬಿಟ್ಟು ಸರಿಯುತ್ತದೆ. ಹಿಂದಿನ ದಿನ ಮಿರ್ಚಿ ಭಜಿ, ಕಾಳುಪಲ್ಯ ಹೊಡೆದು ಬಂದವರನ್ನು ವಾಪಸ್ ಎಬ್ಬಿಸಿ ಕಾಯಿಸಬೇಕಾಗುತ್ತದೆ.

ಹಾವೇರಿಯಿಂದ ಹುಬ್ಬಳ್ಳಿ ಸುಮಾರು 70 ಕಿ.ಮೀ. ನೀರು ಅಲ್ಲೇ ಕುಡಿದು ಬಸ್ ಹತ್ತಿದರೆ ಶಿಗ್ಗಾಂವಿ ಹತ್ತಿರವೇ ಪರದಾಟ ಶುರು. ಇಲ್ಲಿಗೆ ಬಂದ ಮೇಲೆ ನಾವು ಹೇಳಿದಷ್ಟು ಕುಡಿಯಲಿ. ವಾಪಸ್ ಹೋಗುವಾಗ ಕಾರಿನಲ್ಲಿ ಹೋದರೆ ಒಳ್ಳೆಯದು. ಎರಡನೇ ಮೂರನೇ ವಾರಕ್ಕೆ ಮೂತ್ರ, ಸಂಡಾಸ ಎರಡಕ್ಕೂ ಅವಸರ ಶುರುವಾಗುತ್ತದೆ. ಆಗ ರೊಟ್ಟಿ ಬಿಟ್ಟು ಮೆತ್ತಗಿನ ಅನ್ನ, ಮಜ್ಜಿಗೆ. ಓಪಿಡಿ ರೂಮಿನ ಪಕ್ಕದಲ್ಲೇ ಸಂಡಾಸ ಇದೆಯಾ ನೋಡಿಕೊಳ್ಳಿ. ನಗಬೇಡಿ, ಕೆಲಸ ಮುಂದುವರಿಸಲು ಇದೇ ಮುಖ್ಯ.

ಹೊರಗಿನಿಂದ ರೇಡಿಯೇಷನ್ ತಗೊಂಡವರ ಮೈಯಿಂದ ಕಿರಣ ಬರುವುದಿಲ್ಲ. ಮೊಮ್ಮಕ್ಕಳನ್ನು ಎತ್ತಿಕೊಳ್ಳಬಹುದು, ಗರ್ಭಿಣಿಯರನ್ನೂ ನೋಡಬಹುದು. ಕ್ಯಾನ್ಸರ್ ಎಲ್ಲೆಲ್ಲಿ ಇದೆ ಅಂತ ನೋಡುವ ಪಿಎಸ್‌ಎಂಎ ಪೆಟ್ ಸ್ಕ್ಯಾನ್ ದಿನ ಬೇರೆ. ಅದಕ್ಕೆ ಕಿರಣ ಬಿಡುವ ಗ್ಯಾಲಿಯಂ ಚುಚ್ಚುತ್ತಾರೆ, ಅದು ಪ್ರತಿ 68 ನಿಮಿಷಕ್ಕೆ ಅರ್ಧ ಆಗುತ್ತ ಹೋಗುತ್ತದೆ. ಅವತ್ತೊಂದು ದಿನ ದವಾಖಾನೆ ರಜೆ.

ಕಾಂಪೌಂಡರ್, ರಾಣೇಬೆನ್ನೂರು ಕಡೆ

ನಮ್ಮ ಸಾಹೇಬರಿಗೂ ಇದೇ ಇತ್ತು. ಮುಂದೆ ಕೀಮೋ ಬಂತು, ಡೋಸಿಟ್ಯಾಕ್ಸೆಲ್, ಮೂರು ವಾರಕ್ಕೊಮ್ಮೆ. ಬಿಳಿ ರಕ್ತಕಣ ಇಳಿಯುವ ದಿನಗಳಲ್ಲಿ ಜ್ವರ, ಕೆಮ್ಮಿನವರನ್ನು ಒಳಗೆ ಬಿಡುತ್ತಿರಲಿಲ್ಲ. ಬಿಪಿ, ಶುಗರಿನವರು ಮಾತ್ರ. ಸಾಹೇಬರಿಗೇ ಜ್ವರ ಬಂದರೆ ಮನೆಯಲ್ಲಿ ಪ್ಯಾರಾಸಿಟಮಾಲ್ ನುಂಗಿ ಮಲಗುವ ಹಾಗಿಲ್ಲ, ನೇರ ಆಸ್ಪತ್ರೆ. ಹಾರ್ಮೋನ್ ಇಂಜೆಕ್ಷನ್ ಒಂದೇ ಇರುವವರಿಗೆ ಇಷ್ಟೆಲ್ಲ ಬೇಡ ಅಂತ ಅವರೇ ಹೇಳಿದ್ದರು.

ಜನರನ್ನು ತಡೆಯುವುದು ನಮ್ಮ ಕೆಲಸ ರೀ. "ಒಂದ ನಿಮಿಷ ಅಷ್ಟ" ಅಂತ ಒಳಗೆ ಹೋದವರು ಅರ್ಧ ತಾಸು ಬರುವುದಿಲ್ಲ. ಬಂದವರೆಲ್ಲ ಒಂದೊಂದು ಔಷಧ ತರುತ್ತಾರೆ, ಲಕ್ಷ್ಮಣಫಲ, ಬೇರು, ಭಸ್ಮ. ಸಾಹೇಬರು ಯಾರಿಗೂ ಬೇಡ ಅನ್ನಲಿಲ್ಲ, ಯಾವುದನ್ನೂ ತಿನ್ನಲಿಲ್ಲ. ಹಣ್ಣು ನಾವು ತಿಂದೆವು. ಟೋಕನ್ ಕಡಿಮೆ ಮಾಡಿ. ಹನ್ನೆರಡಕ್ಕೆ ಗೇಟ್ ಹಾಕಿ, ಒಂದು ತಾಸು ಮಲಗಲಿ.

ಗದಗದ ಡಾಕ್ಟರ್

ಒಂದು ಬರೆಯುವುದು ಉಳಿದಿತ್ತು. ಅಪ್ಪನಿಗೆ ಬಂದರೆ ಮಗನಿಗೆ ಬರುವ ಸಂಭವ ಸುಮಾರು ಎರಡು ಪಟ್ಟು. ನಿಮಗೆ ಅಣ್ಣ ತಮ್ಮಂದಿರಿದ್ದರೆ ನಲವತ್ತೈದರ ಹೊತ್ತಿಗೆ ಪಿಎಸ್‌ಎ ಬಗ್ಗೆ ಡಾಕ್ಟರ ಹತ್ತಿರ ಮಾತಾಡಲಿ. ಮನೆತನದಲ್ಲಿ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಇದ್ದರೆ ಬಿಆರ್‌ಸಿಎ ಜೀನ್ ಟೆಸ್ಟ್ ಬಗ್ಗೆ ಕೇಳಿ. ಅದು ನಿಮಗೂ ಸಂಬಂಧಪಟ್ಟಿದ್ದು.

ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಅಪ್ಪನಿಗೆ ಓದಿ ಹೇಳಿದೆ. ಲ್ಯಾಬಿನ ಹುಡುಗನ ಮಾತಿಗೆ ಜೋರಾಗಿ ನಕ್ಕರು. ಫೈಲನ್ನು ಅವರ ಕ್ಲಾಸ್‌ಮೇಟ್ ಒಬ್ಬರಿಗೆ ಕೊಡಲು ಒಪ್ಪಿದ್ದಾರೆ. ರಾತ್ರಿ ಫೋನ್ ತಮ್ಮನ ಹತ್ತಿರ ಇರುತ್ತದೆ. ಟೋಕನ್ ಕಡಿಮೆ ಮಾಡಲು ಇನ್ನೂ ಒಪ್ಪಿಲ್ಲ, "ನೋಡೋಣ" ಅಂದಿದ್ದಾರೆ. ಧಾರವಾಡದ ಅಕ್ಕನ ಮಾತನ್ನು ಅವ್ವ ತಾನೇ ಓದಿದಳು, ಏನೂ ಅನ್ನಲಿಲ್ಲ, ಫೋನ್ ವಾಪಸ್ ಕೊಡಲು ಸ್ವಲ್ಪ ಹೊತ್ತು ಹಿಡಿಯಿತು.

ದಿನಾ ಓಡಾಟ ಬೇಡ, ಶನಿವಾರ ಭಾನುವಾರ ಮಾತ್ರ ಊರಿಗೆ ಬಂದು ದವಾಖಾನೆ ತೆಗೆಯುವುದು ಅಂತ ಮಾತಾಗಿದೆ. ಹುಬ್ಬಳ್ಳಿಯಲ್ಲಿ ನವನಗರ, ಉಣಕಲ್ ಕಡೆ ಒಂದೆರಡು ತಿಂಗಳಿಗೆ ಚಿಕ್ಕ ಮನೆ ಬಾಡಿಗೆಗೆ ಬೇಕು. ನೆಲಮಹಡಿ ಇದ್ದರೆ ಒಳ್ಳೆಯದು, ಚಿಗರಿ ಬಸ್ ಸ್ಟಾಪ್ ಹತ್ತಿರ ಇರಬೇಕು. ಗೊತ್ತಿದ್ದವರು ತಿಳಿಸಿ.