ಕುಡಿದು ಕಾರು ಓಡಿಸಿ ಜೀವ ತೆಗೆದ ಆಟಗಾರರು: ಒಬ್ಬನಿಗೆ 30 ದಿನ, ಇನ್ನೊಬ್ಬನಿಗೆ 10 ವರ್ಷದವರೆಗೆ, ಯಾಕೆ?

ಬೆಂಚುಕಾಯುವವ:
ನಿನ್ನೆ ರಾತ್ರಿ ಹೆನ್ರಿ ರಗ್ಸ್ ಕೇಸು ಓದುತ್ತಾ ಕೂತಿದ್ದೆ. ಎನ್‌ಎಫ್‌ಎಲ್‌ನ (ಅಮೆರಿಕನ್ ಫುಟ್‌ಬಾಲ್ ಲೀಗ್) ಲಾಸ್ ವೇಗಸ್ ರೈಡರ್ಸ್ ತಂಡದವನು, 2020ರ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಲ್ಲಿ ಹೊಸ ಆಟಗಾರರನ್ನು ಆರಿಸುವುದು) 12ನೆಯವನಾಗಿ ಆಯ್ಕೆಯಾಗಿದ್ದ. 2021ರ ನವೆಂಬರ್ 2ರ ನಸುಕಿನಲ್ಲಿ ತನ್ನ ಕಾರ್ವೆಟ್ ಅನ್ನು ಗಂಟೆಗೆ 156 ಮೈಲಿ ವೇಗಕ್ಕೆ ಏರಿಸಿ (250 ಕಿ.ಮೀ.ಗೂ ಜಾಸ್ತಿ, ಊರೊಳಗಿನ ರಸ್ತೆಯಲ್ಲಿ!) ಮುಂದಿದ್ದ ಕಾರಿಗೆ ಹಿಂದಿನಿಂದ ಗುದ್ದಿದ. ಆ ಕಾರಿಗೆ ಬೆಂಕಿ ಹತ್ತಿತು. ಒಳಗಿದ್ದ 23 ವರ್ಷದ ಹುಡುಗಿ, ಅವಳ ನಾಯಿ, ಎರಡೂ ಜೀವ ಹೋದವು. ಅವನ ರಕ್ತದಲ್ಲಿ ಆಲ್ಕೋಹಾಲ್ ಶೇ. 0.161, ಅಲ್ಲಿನ ಮಿತಿ ಶೇ. 0.08. 2023ರಲ್ಲಿ 3ರಿಂದ 10 ವರ್ಷ ಜೈಲಾಯಿತು, ಅಂದರೆ 3 ವರ್ಷ ಕಳೆದ ಮೇಲೆ ಪೆರೋಲ್ ಕೇಳಬಹುದು.

ಇದೇ ಕಮ್ಮಿ ಆಯ್ತು ಅಂದುಕೊಂಡು ಹಳೆಯ ಕೇಸು ಹುಡುಕಿದರೆ ಅದೇ ಲೀಗಿನ ಡಾಂಟೆ ಸ್ಟಾಲ್‌ವರ್ತ್ ಸಿಕ್ಕಿದ. 2009ರ ಮಾರ್ಚ್, ಫ್ಲಾರಿಡಾದ ಮಯಾಮಿ ಬೀಚ್, ಬೆಂಟ್ಲಿ ಕಾರು, ರಕ್ತದಲ್ಲಿ ಆಲ್ಕೋಹಾಲ್ 0.126. ಕೆಲಸ ಮುಗಿಸಿ ಬಸ್ಸು ಹಿಡಿಯಲು ಓಡುತ್ತಿದ್ದ 59 ವರ್ಷದ ಕ್ರೇನ್ ಆಪರೇಟರ್ ಸತ್ತುಹೋದ. ಶಿಕ್ಷೆ 30 ದಿನ. ಅದರಲ್ಲೂ 24 ದಿನಕ್ಕೆ ಹೊರಗೆ. ಇದು ಸ್ಟಾರ್‌ಗಿರಿಯ ಬೆಲೆ ಅಲ್ಲದೆ ಇನ್ನೇನು?

ಕೆಳಗಿನಕೋರ್ಟು:
ಅಮೆರಿಕದಲ್ಲಿ ಇದಕ್ಕೆ ಒಂದೇ ಕಾನೂನು ಅಂತಿಲ್ಲ, ಒಂದೊಂದು ರಾಜ್ಯಕ್ಕೆ ಒಂದೊಂದು. ರಗ್ಸ್ ಕೇಸು ನಡೆದ ನೆವಾಡದಲ್ಲಿ ಕುಡಿದು ಓಡಿಸಿ ಸಾವಾದರೆ 2ರಿಂದ 20 ವರ್ಷ, ಜೈಲು ತಪ್ಪಿಸಿ ಪ್ರೊಬೇಷನ್ (ಹೊರಗೇ ಬಿಟ್ಟು ನಿಗಾ ಇಡುವುದು) ಕೊಡುವ ಹಾಗಿಲ್ಲ. ಫ್ಲಾರಿಡಾದಲ್ಲಿ 15 ವರ್ಷದವರೆಗೆ ಹಾಕಬಹುದಿತ್ತು, ಆದರೆ ಸ್ಟಾಲ್‌ವರ್ತ್ ಕೇಸು ವಿಚಾರಣೆಗೇ ಹೋಗಲಿಲ್ಲ. ತಪ್ಪೊಪ್ಪಿಕೊಂಡ, ಒಪ್ಪಂದ ಆಯಿತು. ಓಡಿಹೋಗದೆ ತಾನೇ ಪೊಲೀಸರಿಗೆ ಫೋನ್ ಮಾಡಿದ್ದ, ಹಿಂದೆ ಕೇಸಿರಲಿಲ್ಲ, ಸತ್ತವರು ದಾಟಿದ್ದು ಕ್ರಾಸ್‌ವಾಕ್‌ನಲ್ಲಿ ಅಲ್ಲ, ಎಲ್ಲಕ್ಕಿಂತ ಮುಖ್ಯ ಅಂದರೆ ಅವರ ಮನೆಯವರಿಗೆ, 15 ವರ್ಷದ ಮಗಳಿಗೆ, ಇದು ಬೇಗ ಮುಗಿದರೆ ಸಾಕಿತ್ತು. ಇದನ್ನೆಲ್ಲ ಪ್ರಾಸಿಕ್ಯೂಷನ್ನೇ (ಸರ್ಕಾರಿ ವಕೀಲರ ಕಡೆಯೇ) ಹೇಳಿತು.

ಮತ್ತೆ 30 ದಿನದ ಜೊತೆಗೆ 2 ವರ್ಷ ಗೃಹಬಂಧನ, 8 ವರ್ಷ ಪ್ರೊಬೇಷನ್, ಜೀವನಪೂರ್ತಿ ಲೈಸೆನ್ಸ್ ರದ್ದು. 2009ರ ಇಡೀ ಸೀಸನ್ ಲೀಗ್ ಹೊರಗಿಟ್ಟಿತು. ಕಮ್ಮಿ ಅನ್ನುವುದನ್ನು ನಾನೂ ಒಪ್ಪುತ್ತೇನೆ. ಆದರೆ ಬರೀ 30 ದಿನ ಅಂತ ಹೇಳಿಬಿಟ್ಟರೆ ಅರ್ಧ ಕಥೆ.

ಖಾರದಪುಡಿ:
ಉಳಿದರ್ಧ ನಾನು ಹೇಳುತ್ತೇನೆ. ಮನೆಯವರ ಜೊತೆ ರಾಜಿಯೂ ಆಗಿತ್ತು, ಎಷ್ಟು ದುಡ್ಡು ಅಂತ ಗುಟ್ಟು. ಅಪಘಾತಕ್ಕೆ ಸ್ವಲ್ಪ ಮುಂಚೆ ಅವನ ಕೈಗೆ 45 ಲಕ್ಷ ಡಾಲರ್ ಬೋನಸ್ ಬಂದಿತ್ತು. ಮನೆಯವರನ್ನು ಬೈಯುತ್ತಿಲ್ಲ, ದುಡಿಯುವ ಕೈ ಹೋದ ಮನೆ ಅದು, ತಗೊಂಡರೆ ತಪ್ಪೇನು. ನನ್ನ ಜಗಳ ಬೇರೆ. ಕೊಡಲು ಏನೂ ಇಲ್ಲದ ಡ್ರೈವರ್ ಆಗಿದ್ದರೆ ಆ ಮನೆಯವರಿಗೆ "ಬೇಗ ಮುಗಿಸಿ" ಅನ್ನುವ ಮನಸ್ಸು ಬರುತ್ತಿತ್ತಾ? ಅಲ್ಲಿಗೆ ಕ್ಷಮೆಗೂ ಬ್ಯಾಂಕ್ ಬ್ಯಾಲೆನ್ಸ್ ಬೇಕು.

ಸ್ಟಾಲ್‌ವರ್ತ್ ಅಪಘಾತವಾಗಿ ಒಂದು ತಿಂಗಳೂ ಇಲ್ಲ, ಏಪ್ರಿಲ್ 9. ಕ್ಯಾಲಿಫೋರ್ನಿಯಾದಲ್ಲಿ ಬೇಸ್‌ಬಾಲ್‌ನ ಏಂಜಲ್ಸ್ ತಂಡದ ಪಿಚರ್ (ಚೆಂಡೆಸೆಯುವವ) ನಿಕ್ ಏಡನ್‌ಹಾರ್ಟ್ ಇದ್ದ ಕಾರಿಗೆ ಕುಡಿದವನೊಬ್ಬ ಗುದ್ದಿದ. ನಿಕ್ ಸತ್ತ. ಡ್ರೈವರ್‌ಗೆ 51 ವರ್ಷದಿಂದ ಜೀವಾವಧಿ, ಅಂದರೆ ಕನಿಷ್ಠ 51 ವರ್ಷ ಒಳಗೇ. ಆಟಗಾರ ಓಡಿಸಿದರೆ 30 ದಿನ, ಆಟಗಾರನೇ ಸತ್ತರೆ 51 ವರ್ಷ!

ಕೆಳಗಿನಕೋರ್ಟು:
ಕೇಳಲು ಚೆನ್ನಾಗಿದೆ, ಆದರೆ ಹೋಲಿಕೆ ನಿಲ್ಲಲ್ಲ. ಅಲ್ಲಿ ಸತ್ತದ್ದು ಮೂರು ಜನ, ಇನ್ನೊಬ್ಬ ಕಷ್ಟದಲ್ಲಿ ಬದುಕಿದ. ಡ್ರೈವರ್ ಸ್ಥಳದಿಂದ ಓಡಿದ್ದ, ಹಿಂದೆಯೂ ಕುಡಿದು ಓಡಿಸಿ ಶಿಕ್ಷೆಯಾಗಿತ್ತು. ಕ್ಯಾಲಿಫೋರ್ನಿಯಾದಲ್ಲಿ 1981ರ ವಾಟ್ಸನ್ ತೀರ್ಪು ಇದೆ. ಜೀವ ಹೋಗಬಹುದು ಅಂತ ಗೊತ್ತಿದ್ದೂ ಕುಡಿದು ಓಡಿಸಿದರೆ ಕೊಲೆ ಕೇಸೇ ಹಾಕಬಹುದು.

ನಿಮಗೆ ಸಿಟ್ಟು ಬರಬೇಕಾದ ಹೆಸರು ಎನ್‌ಎಫ್‌ಎಲ್ ಆಟಗಾರ ಲಿಯೊನಾರ್ಡ್ ಲಿಟಲ್. 1998, ಸೇಂಟ್ ಲೂಯಿಸ್, 0.19, ಒಬ್ಬ ಹೆಂಗಸು ಸತ್ತರು. 90 ದಿನ ಜೈಲು, 4 ವರ್ಷ ಪ್ರೊಬೇಷನ್, ಲೀಗ್‌ನಿಂದ ಬರೀ 8 ಪಂದ್ಯದ ನಿಷೇಧ. 2004ರಲ್ಲಿ ಕುಡಿದು ಓಡಿಸಿದ ಆರೋಪದ ಮೇಲೆ ಮತ್ತೆ ಬಂಧನ. ಕುಡಿದಿದ್ದ ಅಂತ ಜ್ಯೂರಿ ಒಪ್ಪಲಿಲ್ಲ, ಅತಿವೇಗದ್ದು ಮಾತ್ರ ನಿಂತಿತು. ಇಲ್ಲಿ ಮಾತ್ರ ನನ್ನ ಹತ್ತಿರ ವಕೀಲಿ ಮಾಡಲು ಏನೂ ಇಲ್ಲ.

ಮೂರನೇಸಾಲು:
ಜಾಶ್ ಬ್ರೆಂಟ್‌ನನ್ನು ಯಾರೂ ಹೇಳಲಿಲ್ಲವಲ್ಲ. ಎನ್‌ಎಫ್‌ಎಲ್‌ನ ಡಲ್ಲಾಸ್ ಕೌಬಾಯ್ಸ್ ತಂಡದವನು, 2012ರ ಡಿಸೆಂಬರ್, 0.18. ಪಕ್ಕದಲ್ಲಿ ಕೂತಿದ್ದ ಗೆಳೆಯ, ಅದೇ ತಂಡದ ಜೆರ್ರಿ ಬ್ರೌನ್ ಸತ್ತ. ಟೆಕ್ಸಾಸ್‌ನಲ್ಲಿ 20 ವರ್ಷದವರೆಗೆ ಹಾಕಬಹುದಿತ್ತು. ಜ್ಯೂರಿ 10 ವರ್ಷ ಪ್ರೊಬೇಷನ್ ಅಂದಿತು, ಜೊತೆಗೆ 180 ದಿನ ಜೈಲು. ಸತ್ತವನ ತಾಯಿ ಕೋರ್ಟಿನಲ್ಲಿ ಬ್ರೆಂಟ್ ಪರವಾಗಿ ಮಾತಾಡಿದರು. ಇದನ್ನು ದುಡ್ಡಿನ ಖಾತೆಗೆ ಹಾಕಲು ನನಗೆ ಮನಸ್ಸಾಗುತ್ತಿಲ್ಲ ಖಾರದಪುಡಿಯವರೇ.

ಬೆಂಚುಕಾಯುವವ:
ಸರಿ, ಸ್ಟಾರ್‌ಗಿರಿ ಒಂದೇ ಅಲ್ಲ ಅಂತ ಒಪ್ಪಿದೆ. ಆದರೆ ರಗ್ಸ್‌ಗೆ 20ರ ಬದಲು 10 ಯಾಕೆ? ಸಾಕ್ಷಿ ಅಷ್ಟು ಗಟ್ಟಿ ಇತ್ತಲ್ಲ.

ಕೆಳಗಿನಕೋರ್ಟು:
ಅಷ್ಟು ಗಟ್ಟಿ ಇರಲಿಲ್ಲ, ಅದೇ ಕಥೆ. ಅವನಿಗೂ ಪೆಟ್ಟಾಗಿತ್ತು, ಸ್ಥಳದಲ್ಲಿ ಕುಡಿತದ ಪರೀಕ್ಷೆ ನಡೆಯಲಿಲ್ಲ. ಆಸ್ಪತ್ರೆಯಲ್ಲಿ ರಕ್ತ ತೆಗೆಯಲು ವಾರಂಟ್ ತಂದರು, ಆ ವಾರಂಟ್‌ಗೆ ಸಾಕಷ್ಟು ಆಧಾರವೇ ಇಲ್ಲ ಅಂತ ಅವನ ವಕೀಲರು ಪಟ್ಟು ಹಿಡಿದರು. ಕೋರ್ಟು ಅವರ ಮಾತು ಒಪ್ಪಿದ್ದರೆ 0.161 ಅನ್ನುವ ಅಂಕಿಯೇ ಕೇಸಿನಿಂದ ಮಾಯ. ಆ ಭಯ ಇರುವಾಗ ಪ್ರಾಸಿಕ್ಯೂಷನ್‌ನವರು 3ರಿಂದ 10ಕ್ಕೆ ಒಪ್ಪಿಕೊಂಡರು. ಹಾಂ, ಅಂಥ ವಕೀಲರನ್ನು ಇಡಲು ದುಡ್ಡು ಬೇಕು. ಅಷ್ಟರ ಮಟ್ಟಿಗೆ ಖಾರದಪುಡಿ ಹೇಳಿದ್ದು ನಿಜ.

ಮೂರನೇಸಾಲು:
ಆ 3 ವರ್ಷದ ಲೆಕ್ಕ ಮುಗಿಯುವುದು 2026ರಲ್ಲಿ. ಆಗ ಅವನಿಗೆ 27, ಆಡುವ ವಯಸ್ಸೇ. ಬ್ರೆಂಟ್‌ನನ್ನು 2014ರಲ್ಲಿ ಅದೇ ತಂಡ ವಾಪಸ್ ಕರೆದು ಆಡಿಸಿತು. ರಗ್ಸ್‌ನನ್ನೂ ಯಾರಾದರೂ ಕರೆದರೆ ನೀವು ಮ್ಯಾಚ್ ನೋಡುತ್ತೀರಾ?

ಬೆಂಚುಕಾಯುವವ:
ನೋಡಲ್ಲ ಅಂತ ಟೈಪ್ ಮಾಡಿ ಅಳಿಸಿದೆ. ಬ್ರೆಂಟ್ ವಾಪಸ್ ಬಂದಾಗ ಆ ಸೀಸನ್ ನಾನು ಒಂದು ಪಂದ್ಯವನ್ನೂ ಬಿಟ್ಟಿರಲಿಲ್ಲ.