ಸಹಾಯ ಬೇಕು: ಎಂಎಂಎ (ಮಿಶ್ರ ಸಮರಕಲೆ) ಕಲಿಕೆಗೆ ಯಾವ ವಿಡಿಯೊಗಳು ಸೂಕ್ತ?

ಸದಸ್ಯರೆಲ್ಲರಿಗೂ ನಮಸ್ಕಾರ. ಹಾಸನದಲ್ಲಿ ಪಿಯುಸಿ ಓದುತ್ತಿರುವ ನನ್ನ ಅಕ್ಕನ ಮಗ ಗರಡಿಯಲ್ಲಿ ಕುಸ್ತಿ ಕಲಿತವನು. 2024ರ ಜೂನ್‌ನಲ್ಲಿ ಪೂಜಾ ತೋಮರ್ ಅವರು ಎಂಎಂಎ ಪಂದ್ಯಗಳನ್ನು ನಡೆಸುವ ಅಮೆರಿಕದ ಸಂಸ್ಥೆಯಾದ ಯುಎಫ್‌ಸಿಯಲ್ಲಿ ಪಂದ್ಯ ಗೆದ್ದ ಮೊದಲ ಭಾರತೀಯರೆನಿಸಿದ ಮೇಲೆ ಅವನ ಮನಸ್ಸೆಲ್ಲ ಹೊಡೆತ, ಒದೆತ, ಕುಸ್ತಿಪಟ್ಟುಗಳೆಲ್ಲ ಬೆರೆತ ಈ ಎಂಎಂಎ ಕಡೆಗೇ ಇದೆ. ಈ ಉತ್ಸಾಹ ನನಗೆ ನಿಜಕ್ಕೂ ಸಂತೋಷ ತಂದಿದೆ.

ಆದರೆ ಅವನು ನೋಡುವುದೆಲ್ಲ ನಾಕೌಟ್‌ಗಳ ಚಿಕ್ಕ ತುಣುಕುಗಳು. ಐದು ನಿಮಿಷಗಳ ಮೂರು ಸುತ್ತುಗಳನ್ನು ಪೂರ್ತಿಯಾಗಿ ನೋಡಿದರೆ ಮಾತ್ರ ಆಟಗಾರರು ದಮ್ಮನ್ನು ಹೇಗೆ ಕಾಯ್ದುಕೊಳ್ಳುತ್ತಾರೆ, ಎದುರಾಳಿ ಕಾಲಿಗೆ ಕೈಹಾಕಿದಾಗ ಸೊಂಟವನ್ನು ಹಿಂದಕ್ಕೆಳೆದು ಹೇಗೆ ತಪ್ಪಿಸಿಕೊಳ್ಳುತ್ತಾರೆ ಎಂಬುದು ಅರ್ಥವಾಗುತ್ತದೆ. ಕುಸ್ತಿಯಿಂದ ಬಂದವನಿಗೆ ಯುಎಫ್‌ಸಿಯ ಮಾಜಿ ಚಾಂಪಿಯನ್, ರಷ್ಯಾದ ಖಬೀಬ್ ನುರ್ಮಗೊಮೆದೊವ್ ಅವರ ಪಂದ್ಯಗಳಿಗಿಂತ ಒಳ್ಳೆಯ ಪಾಠವಿಲ್ಲವೆಂದು ನನಗನ್ನಿಸುತ್ತದೆ.

ಕತ್ತು ಬಿಗಿಯುವ ಪಟ್ಟುಗಳ ಬಗ್ಗೆ ಮಾತ್ರ ನನಗೆ ಆತಂಕವಿದೆ. ಮಿದುಳಿಗೆ ಹೋಗುವ ರಕ್ತವನ್ನು ತಡೆದು ಕೆಲವೇ ಸೆಕೆಂಡುಗಳಲ್ಲಿ ಪ್ರಜ್ಞೆ ತಪ್ಪಿಸಬಲ್ಲ ಆ ಪಟ್ಟುಗಳನ್ನು ಗುರುಗಳಿಲ್ಲದೆ, ಕೇವಲ ವಿಡಿಯೊ ನೋಡಿ ಗೆಳೆಯರ ಮೇಲೆ ಪ್ರಯೋಗಿಸುವುದನ್ನು ನಾನು ಒಪ್ಪಲಾರೆ.

ಆದ್ದರಿಂದ ನಿಲುವು, ಹೆಜ್ಜೆಗಾರಿಕೆ ಮತ್ತು ಪೆಟ್ಟಾಗದಂತೆ ಬೀಳುವ ಕ್ರಮವನ್ನು ನಿಧಾನವಾಗಿ, ಸಾಧ್ಯವಾದರೆ ಕನ್ನಡದಲ್ಲೇ ವಿವರಿಸುವ ವಿಡಿಯೊಗಳು ತಮಗೆ ತಿಳಿದಿದ್ದರೆ ದಯವಿಟ್ಟು ಸೂಚಿಸಿ. ಹಾಸನ ಅಥವಾ ಚಿಕ್ಕಮಗಳೂರಿನಲ್ಲಿ ಮ್ಯಾಟ್ ಮೇಲೆ ಜೂಡೊ ಇಲ್ಲವೇ ಜಿಯು-ಜಿತ್ಸು ಕಲಿಸುವ ತರಬೇತುದಾರರಿದ್ದರೆ ಅದನ್ನೂ ತಿಳಿಸಬೇಕಾಗಿ ವಿನಂತಿ.